ಯೇಸುವನ್ನು ಕಂಡುಕೊಂಡ ಸಂತೋಷವನ್ನು ಬೇರೆಯವರಿಗೆ ಹೇಳುವುದು ಹೇಗೆ?

ಹೊಸದಾಗಿ ಯೇಸುವನ್ನು ನಂಬಿದವರಿಗೆ ಮೊದಲ ಕೆಲವು ವಾರ ಒಂದೇ ತವಕ. ಯಾರಿಗಾದರೂ ಹೇಳಬೇಕು. ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡಿದರೂ ಹೇಳಿಬಿಡೋಣವಾ ಅನ್ನಿಸುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಕಳೆದುಹೋಗಿದ್ದ ಕುರಿ ಸಿಕ್ಕಿದ ಕೂಡಲೇ ಕುರುಬ ಗೆಳೆಯರನ್ನೂ ನೆರೆಹೊರೆಯವರನ್ನೂ ಕರೆಯುತ್ತಾನೆ. ನಾಣ್ಯ ಕಳೆದುಕೊಂಡ ಹೆಂಗಸೂ ಅಷ್ಟೇ, ದೀಪ ಹಚ್ಚಿ ಮನೆಯೆಲ್ಲ ಗುಡಿಸಿ ಹುಡುಕಿದವಳು ಸಿಕ್ಕಿದ ಮೇಲೆ ಸುಮ್ನೆ ಕೂರುವುದಿಲ್ಲ, ಅಕ್ಕಪಕ್ಕದವರನ್ನು ಕೂಗಿ ಕರೆಯುತ್ತಾಳೆ. ಇಂಥ ಸಂತೋಷ ಒಬ್ಬರೊಳಗೆ ಹಿಡಿಸುವುದಿಲ್ಲ.

ಆದರೆ ಬಾಯಿ ತೆರೆದ ಕೂಡಲೇ ಅದೇ ಸಂತೋಷ ಉಪದೇಶ ಆಗಿಬಿಡುತ್ತದೆ. ನನಗೂ ಹಾಗೇ ಆಯಿತು.

ನಾನು ಮೊದಲು ಹೇಳಿದ್ದು ನನ್ನ ಅಕ್ಕನಿಗೆ. ಅವಳು ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಳು. ನಾನು ಎದುರಿಗೆ ಕೂತು ಸೃಷ್ಟಿಯಿಂದ ಶುರು ಮಾಡಿದೆ. ಆದಾಮ, ಪಾಪ, ಪ್ರವಾದಿಗಳು, ಶಿಲುಬೆ, ಪುನರುತ್ಥಾನ, ಕೊನೆಯ ದಿನ, ಒಂದನ್ನೂ ಬಿಡಲಿಲ್ಲ. ಮುಕ್ಕಾಲು ಗಂಟೆ ಆಗಿರಬೇಕು. ನಡುವೆ ಒಮ್ಮೆ ನೋಡುತ್ತೇನೆ, ಅವಳು ಆಗಲೇ ಮಡಚಿಟ್ಟಿದ್ದ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಾಳೆ. ಬಟ್ಟೆ ಮುಗಿದಿತ್ತು, ಎದ್ದು ಹೋಗಲು ಅವಳಿಗೆ ಮನಸ್ಸು ಬಂದಿರಲಿಲ್ಲ. ನಾನು ನಿಲ್ಲಿಸಿದ ಮೇಲೆ ಒಂದೇ ಮಾತು ಹೇಳಿದಳು: "ಇಷ್ಟೆಲ್ಲ ಹೇಳಿದೆ. ನಿನಗೇನಾಯ್ತು ಅಂತ ಮಾತ್ರ ಹೇಳಲೇ ಇಲ್ಲ."

ಆ ಮಾತು ನನ್ನನ್ನು ತುಂಬಾ ದಿನ ಬಿಡಲಿಲ್ಲ. ಇಲ್ಲಿ ನಾನು ಬರೆಯುತ್ತಿರುವುದೆಲ್ಲ ಅದರಿಂದ ಕಲಿತದ್ದು.

ನಿಮ್ಮ ಕೆಲಸ ಸಾಕ್ಷಿ ಹೇಳುವುದು, ಅಷ್ಟೇ

ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾವು "ಸಾಕ್ಷಿ" ಅನ್ನುವ ಪದವನ್ನು ದಿನಾ ಬಳಸುತ್ತೇವೆ, ಆದರೆ ಅದರ ಅರ್ಥ ಮರೆತಿರುತ್ತೇವೆ. ಸಾಕ್ಷಿ ಅಂದರೆ ಕಂಡದ್ದನ್ನು ಹೇಳುವವನು. ಕಾಣದ್ದನ್ನು ಸೇರಿಸಬಾರದು, ಕಂಡದ್ದನ್ನು ಬಚ್ಚಿಡಬಾರದು. ವಾದ ಮಾಡಿ ಗೆಲ್ಲಿಸುವುದು ಅವನ ಜವಾಬ್ದಾರಿ ಅಲ್ಲ.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಹುಟ್ಟು ಕುರುಡನೊಬ್ಬನಿಗೆ ಯೇಸು ಕಣ್ಣು ಕೊಡುತ್ತಾರೆ. ಆಮೇಲೆ ಪಂಡಿತರು ಅವನನ್ನು ಕರೆಸಿ, ನಿನ್ನನ್ನು ಗುಣ ಮಾಡಿದವನು ಪಾಪಿ, ಒಪ್ಪಿಕೋ ಅಂತ ಒತ್ತಾಯ ಮಾಡುತ್ತಾರೆ. ಅವನು ಏನಂತಾನೆ? ಅವನು ಪಾಪಿಯೋ ಅಲ್ಲವೋ ನನಗೆ ಗೊತ್ತಿಲ್ಲ, ನನಗೆ ಗೊತ್ತಿರುವುದು ಒಂದೇ, ನಾನು ಕುರುಡನಾಗಿದ್ದೆ, ಈಗ ಕಾಣುತ್ತಿದೆ. ಮುಗೀತು. ಇನ್ನೊಂದನ್ನೂ ಗಮನಿಸಿ. ಅದೇ ಅಧ್ಯಾಯದ ಮೊದಲಲ್ಲಿ ಅವನು ಹೇಳುವುದು "ಯೇಸು ಎಂಬ ಒಬ್ಬ ಮನುಷ್ಯ" ಅಂತ, ಸ್ವಲ್ಪ ಹೊತ್ತಿಗೆ "ಪ್ರವಾದಿ" ಅನ್ನುತ್ತಾನೆ, ಕೊನೆಗೆ "ನಂಬುತ್ತೇನೆ ಕರ್ತನೇ" ಅಂತ ಅಡ್ಡಬೀಳುತ್ತಾನೆ. ಹೇಳುತ್ತಾ ಹೇಳುತ್ತಾ ಅವನಿಗೇ ತಿಳಿಯುತ್ತಾ ಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಕಲಿತ ಮೇಲೆ ಹೇಳುತ್ತೇನೆ ಅಂತ ಕಾಯಬೇಡಿ.

ಮೊದಲು ಒಂದು ಹಾಳೆಯಲ್ಲಿ ಬರೆಯಿರಿ

ಯಾರ ಹತ್ತಿರವೂ ಹೋಗುವ ಮೊದಲು ಅರ್ಧ ಗಂಟೆ ಒಬ್ಬರೇ ಕೂತು ನಿಮ್ಮ ಕತೆಯನ್ನು ಬರೆಯಿರಿ. ಒಂದೇ ಹಾಳೆ, ಒಂದೇ ಬದಿ. ಮೊದಲು ಹೇಗಿದ್ದೆ, ಏನಾಯಿತು, ಈಗ ಏನು ಬದಲಾಗಿದೆ. ಅಪೊಸ್ತಲರ ಕೃತ್ಯಗಳ 26ನೇ ಅಧ್ಯಾಯದಲ್ಲಿ ಪೌಲ ರಾಜ ಅಗ್ರಿಪ್ಪನ ಮುಂದೆ ಹೇಳಿದ್ದು ಇದೇ ಮೂರು. ಸಭೆಯನ್ನು ಹಿಂಸಿಸುತ್ತಿದ್ದೆ, ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಬಿದ್ದೆ, ಯೇಸುವಿನ ದನಿ ಕೇಳಿದೆ, ಅಂದಿನಿಂದ ಹೀಗಿದ್ದೇನೆ. ಜೋರಾಗಿ ಓದಿದರೂ ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತದೆ. ಪೌಲನಂಥ ಪಂಡಿತ ರಾಜನ ಮುಂದೆ ಹೇಳಿದ್ದೇ ಅಷ್ಟರಲ್ಲಿ ಮುಗಿಯುತ್ತದೆ ಅಂದರೆ ನಮಗೆ ಎರಡು ನಿಮಿಷ ಧಾರಾಳ.

ಬರೆದ ಮೇಲೆ ಒಂದು ಪೆನ್ನು ಹಿಡಿದು ಸಭೆಯ ಒಳಗಿನವರಿಗೆ ಮಾತ್ರ ಅರ್ಥವಾಗುವ ಪದಗಳಿಗೆಲ್ಲ ಗೆರೆ ಎಳೆಯಿರಿ. ರಕ್ಷಣೆ, ಮಾನಸಾಂತರ, ಅಭಿಷೇಕ, ರಕ್ತದಲ್ಲಿ ತೊಳೆಯಲ್ಪಟ್ಟೆ, ಹೊಸದಾಗಿ ಹುಟ್ಟಿದೆ. ಇವು ಕೆಟ್ಟ ಪದಗಳಲ್ಲ, ನನಗೆ ತುಂಬಾ ಪ್ರೀತಿಯ ಪದಗಳು. ಆದರೆ ಹೊರಗಿನವರ ಕಿವಿಗೆ ಅವು ಏನನ್ನೂ ತೋರಿಸುವುದಿಲ್ಲ. ನನ್ನ ಮೊದಲ ಹಾಳೆಯಲ್ಲಿ ಹೀಗಿತ್ತು: "ನಾನು ಪಾಪದ ಬಂಧನದಲ್ಲಿದ್ದೆ, ಕರ್ತನು ತನ್ನ ಕೃಪೆಯಿಂದ ನನ್ನನ್ನು ಬಿಡಿಸಿದನು." ಪ್ರತಿಯೊಂದು ಪದವೂ ನಿಜ. ಆದರೂ ಇದನ್ನು ಯಾರು ಬೇಕಾದರೂ ಬರೆಯಬಹುದಿತ್ತು, ಅದರಲ್ಲಿ ನಾನು ಇರಲಿಲ್ಲ.

ಅಕ್ಕನ ಮಾತು ಕೇಳಿದ ಮೇಲೆ ಹೊಸದಾಗಿ ಬರೆದೆ. ಅದು ಹೀಗಿದೆ:

"ತಮ್ಮನ ಜೊತೆ ನಾಲ್ಕು ವರ್ಷ ಮಾತು ಬಿಟ್ಟಿದ್ದೆ. ತಪ್ಪು ಅವನದೇ, ಅದು ನನಗೆ ಈಗಲೂ ಗೊತ್ತು. ಒಂದು ರಾತ್ರಿ ಯೇಸು ಹೇಳಿದ ಕತೆಯೊಂದನ್ನು ಓದುತ್ತಿದ್ದೆ, ಮನೆ ಬಿಟ್ಟು ಹೋದ ಮಗ ವಾಪಸ್ ಬರುವ ಕತೆ. ಅದು ನನಗೆ ಮೊದಲೇ ಗೊತ್ತಿತ್ತು. ಆದರೆ ಅವತ್ತು ದೊಡ್ಡ ಮಗನ ಹತ್ತಿರ ನಿಂತುಬಿಟ್ಟೆ. ಅವನು ಸಿಟ್ಟು ಮಾಡಿಕೊಂಡು ಒಳಗೆ ಹೋಗುವುದಿಲ್ಲ. ಆಗ ಅಪ್ಪ ಅವನಿಗಾಗಿಯೂ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಓಡಿಹೋದ ಮಗನಿಗಾಗಿ ಮಾತ್ರ ಅಲ್ಲ, ಬಾಗಿಲಲ್ಲಿ ಸಿಟ್ಟಿನಿಂದ ನಿಂತಿರುವ ನನಗಾಗಿಯೂ ದೇವರು ಹೊರಗೆ ಬಂದಿದ್ದಾನೆ ಅನ್ನಿಸಿತು. ನಾನು ಅತ್ತುಬಿಟ್ಟೆ. ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದೆ."

ಅಷ್ಟೇ. ಜೋರಾಗಿ ಓದಿದರೆ ಒಂದು ನಿಮಿಷವೂ ಇಲ್ಲ. ಇದರಲ್ಲಿ ಕೃಪೆ ಅನ್ನುವ ಪದವೇ ಇಲ್ಲ, ಆದರೆ ಕೃಪೆ ಅಂದರೆ ಏನು ಅಂತ ಕೇಳುವವರಿಗೆ ಕಾಣುತ್ತದೆ. ನೀವೂ ಅಂಥ ಒಂದು ಗಳಿಗೆಯನ್ನು ಹುಡುಕಿ. ಎಲ್ಲಿ ಕೂತಿದ್ದಿರಿ, ಯಾವ ಮಾತು ತಾಕಿತು, ಮರುದಿನ ಏನು ಮಾಡಿದಿರಿ. ಮರುದಿನ ಏನು ಮಾಡಿದಿರಿ ಅನ್ನುವುದನ್ನು ಮಾತ್ರ ಬಿಡಬೇಡಿ, ಕೇಳುವವರು ನಂಬುವುದು ಅದನ್ನು.

ಇನ್ನೊಂದು ಮುಖ್ಯ ವಿಷಯ. ಹಳೆಯ ಬದುಕನ್ನು ದೊಡ್ಡದು ಮಾಡಿ ಹೇಳಬೇಡಿ. ಕುಡಿತ, ಜಗಳ, ಸಾಯುವ ಯೋಚನೆ, ಇವೆಲ್ಲ ಇದ್ದರೆ ಇತ್ತು ಅನ್ನಿ, ಇಲ್ಲದಿದ್ದರೆ ಕತೆಗೆ ಚೆನ್ನಾಗಿರುತ್ತದೆ ಅಂತ ಸೇರಿಸಬೇಡಿ. ನಿಮ್ಮನ್ನು ಬಲ್ಲವರಿಗೆ ತಕ್ಷಣ ಗೊತ್ತಾಗುತ್ತದೆ, ಆಮೇಲೆ ನೀವು ಹೇಳುವ ನಿಜವನ್ನೂ ಅವರು ನಂಬುವುದಿಲ್ಲ. ಚಿಕ್ಕಂದಿನಿಂದ ಸಭೆಯಲ್ಲೇ ಬೆಳೆದು, ನಿಧಾನವಾಗಿ ಒಂದು ದಿನ ಇದೆಲ್ಲ ನಿಜ ಅಂತ ಅರಿವಾದವರೂ ಇದ್ದಾರೆ. ನಮ್ಮದರಲ್ಲಿ ಹೇಳುವಂಥದ್ದು ಏನಿದೆ ಅಂತ ಅವರು ಹಿಂದೆ ಸರಿಯುತ್ತಾರೆ. ಪೌಲನ ಜೊತೆಗಾರ ತಿಮೊಥೆಯನ ನಂಬಿಕೆ ಅವನ ಅಜ್ಜಿ ಲೋವಿಯಿಂದ, ತಾಯಿ ಯೂನೀಕೆಯಿಂದ ಬಂದದ್ದು ಅಂತ ಪೌಲನೇ ಪ್ರೀತಿಯಿಂದ ನೆನೆಯುತ್ತಾನೆ. ದಮಸ್ಕದ ದಾರಿಯಲ್ಲಿ ಬಿದ್ದವನು ಮನೆಯಲ್ಲಿ ಬೆಳೆದವನನ್ನು ಕಡಿಮೆ ಅಂತ ಎಂದೂ ನೋಡಲಿಲ್ಲ.

ಯಾರಿಗೆ ಮೊದಲು?

ಹತ್ತಿರದವರಿಗೆ. ಶಿಷ್ಯ ಅಂದ್ರೆಯ ಯೇಸುವಿನ ಜೊತೆ ಒಂದು ದಿನ ಕಳೆದು ಮೊದಲು ಹೋಗಿ ಹುಡುಕಿದ್ದು ತನ್ನ ಒಡಹುಟ್ಟಿದ ಸೀಮೋನನನ್ನು. ಗೆರಸೇನರ ಸೀಮೆಯಲ್ಲಿ ಗುಣವಾದ ಮನುಷ್ಯ ನಿಮ್ಮ ಜೊತೆಗೇ ಬರುತ್ತೇನೆ ಅಂತ ಯೇಸುವನ್ನು ಬೇಡಿಕೊಂಡ, ಯೇಸು ಒಪ್ಪಲಿಲ್ಲ. ಮನೆಗೆ ಹೋಗು, ನಿನ್ನವರಿಗೆ ಹೇಳು ಅಂದರು. ಮಾರ್ಕ 5:19ರಲ್ಲಿದೆ.

ಹತ್ತಿರದವರಿಗೆ ಹೇಳುವುದೇ ಅತಿ ಕಷ್ಟ, ಅಲ್ವಾ? ನಮ್ಮ ಸಿಟ್ಟು, ಸೋಮಾರಿತನ, ಸಣ್ಣ ಸುಳ್ಳು ಎಲ್ಲವನ್ನೂ ಅವರು ನೋಡಿದ್ದಾರೆ. ನಾವು ಏನು ಹೇಳಿದರೂ ಮೊದಲು ನಮ್ಮ ಮುಖ ನೋಡುತ್ತಾರೆ. ಅದಕ್ಕೆ ಮನೆಯಲ್ಲಿ ಮಾತಿಗಿಂತ ಮೊದಲು ಕ್ಷಮೆ ಕೇಳುವುದು ಕೆಲಸ ಮಾಡುತ್ತದೆ. ಯಾರ ಹತ್ತಿರ ತಪ್ಪು ಮಾಡಿದ್ದೀರೋ ಅವರ ಹತ್ತಿರ ಹೋಗಿ, ನಂಬಿಕೆಯ ಸುದ್ದಿ ಎತ್ತದೆ, ತಪ್ಪಾಯಿತು ಅಂತ ಮಾತ್ರ ಹೇಳಿ ಬನ್ನಿ. ಅದಕ್ಕೆ ಬಾಲವಾಗಿ ಒಂದು ವಚನ ಸೇರಿಸಿದರೆ ಎರಡೂ ಹಾಳಾಗುತ್ತವೆ.

ಮನೆಯವರು ಒಪ್ಪದಿದ್ದರೆ ಎದೆಗುಂದಬೇಡಿ. ಯೇಸುವಿನ ಸ್ವಂತ ತಮ್ಮಂದಿರೇ ಅವರನ್ನು ನಂಬಿರಲಿಲ್ಲ ಅಂತ ಯೋಹಾನ 7:5 ನೇರವಾಗಿ ಹೇಳುತ್ತದೆ. ಅವರಲ್ಲಿ ಒಬ್ಬನಾದ ಯಾಕೋಬ ಮುಂದೆ ಯೆರೂಸಲೇಮಿನ ಸಭೆಯನ್ನು ನಡೆಸಿದ. ಒಂದೇ ಮನೆಯಲ್ಲಿ ಬೆಳೆದವನಿಗೂ ವರ್ಷಗಟ್ಟಲೆ ಬೇಕಾಯಿತು.

ಒಂದು ಚೀಟಿಯಲ್ಲಿ ಮೂರು ಹೆಸರು ಬರೆದಿಟ್ಟುಕೊಳ್ಳಿ. ಮೂರೇ, ಜಾಸ್ತಿ ಬೇಡ. ದಿನಾ ಅವರಿಗಾಗಿ ಪ್ರಾರ್ಥಿಸಿ. ಅವರು ನಂಬಲಿ ಅಂತ ಮಾತ್ರ ಅಲ್ಲ, ಅವರ ಕೆಲಸ, ಮೊಣಕಾಲು ನೋವು, ಮಗನ ಪರೀಕ್ಷೆ ಎಲ್ಲದಕ್ಕೂ. ಹೀಗೆ ಒಂದು ತಿಂಗಳು ಮಾಡಿದರೆ ಅವರ ಬಗ್ಗೆ ನಿಮ್ಮ ಮನಸ್ಸೇ ಬದಲಾಗಿರುತ್ತದೆ. ಹೆಸರು ಬರೆದುಕೊಂಡಿದ್ದೇನೆ ಅಂತ ಮಾತ್ರ ಅವರಿಗೆ ಹೇಳಬೇಡಿ, ಯಾರಿಗೂ ಪಟ್ಟಿಯಲ್ಲಿರುವುದು ಇಷ್ಟವಾಗುವುದಿಲ್ಲ.

ಕಿವಿ ಮೊದಲು, ಬಾಯಿ ಆಮೇಲೆ

ಯೇಸು ಜನರ ಜೊತೆ ಮಾತು ಶುರು ಮಾಡುವ ರೀತಿ ನೋಡಿ. ಸಮಾರ್ಯದ ಬಾವಿಯ ಹತ್ತಿರ ಒಬ್ಬ ಹೆಂಗಸಿಗೆ ಮೊದಲು ಹೇಳಿದ್ದು ಕುಡಿಯಲು ನೀರು ಕೊಡು ಅಂತ. ಕೊಡುವವರಾಗಿ ಬರಲಿಲ್ಲ, ಕೇಳುವವರಾಗಿ ಬಂದರು. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಬೇಸರದಿಂದ ಹೋಗುತ್ತಿದ್ದಾಗ ಪಕ್ಕದಲ್ಲಿ ನಡೆಯುತ್ತಾ, ಏನು ಮಾತಾಡಿಕೊಳ್ಳುತ್ತಿದ್ದೀರಿ ಅಂತ ಕೇಳಿದರು. ಯೆರೂಸಲೇಮಿನಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲವಾ ಅಂದರೆ, "ಏನು ನಡೆಯಿತು?" ಅಂತ ಮತ್ತೆ ಕೇಳಿದರು. ಶಿಲುಬೆಗೆ ಹಾಕಿಸಿಕೊಂಡು ಮತ್ತೆ ಎದ್ದುಬಂದದ್ದು ತಾವೇ, ಆ ಇಬ್ಬರಿಗೆ ಗುರುತು ಸಿಕ್ಕಿರಲಿಲ್ಲ. ಆದರೂ ಅವರ ಬಾಯಿಂದ ಪೂರ್ತಿ ಹೇಳಿಸಿ, ಆಮೇಲೆ ಮಾತಾಡಿದರು. ನನಗೆ ಈ ಭಾಗ ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಹಾಗಾದರೆ ನೀವು ಏನು ಕೇಳಬಹುದು? "ದೇವರು ಅಂದರೆ ನಿಮಗೆ ಏನನ್ನಿಸುತ್ತದೆ?" "ನೀವು ಎಂದಾದರೂ ಪ್ರಾರ್ಥನೆ ಮಾಡಿದ್ದಿದೆಯಾ?" "ಕಷ್ಟ ಬಂದಾಗ ಯಾವುದನ್ನು ಹಿಡಿದುಕೊಳ್ಳುತ್ತೀರಿ?" ಇಷ್ಟು ಕೇಳಿ ಸುಮ್ಮನಿರಿ. ಅವರು ಹೇಳುವಾಗ ಮನಸ್ಸಿನಲ್ಲಿ ಉತ್ತರ ಸಿದ್ಧ ಮಾಡಿಕೊಳ್ಳಬೇಡಿ, ಅದು ಕಣ್ಣಲ್ಲಿ ಗೊತ್ತಾಗುತ್ತದೆ. ಅವರು ಮುಗಿಸಿದ ಮೇಲೆ, "ಅಂದರೆ ನೀವು ಹೇಳುವುದು ಹೀಗಾ?" ಅಂತ ಅವರ ಮಾತನ್ನೇ ತಿರುಗಿ ಹೇಳಿ ನೋಡಿ. ಹೌದು ಅಂದರೆ ನೀವು ಕೇಳಿಸಿಕೊಂಡಿದ್ದೀರಿ. ಇಲ್ಲ ಅಂದರೆ ಇನ್ನೊಮ್ಮೆ ಕೇಳಿ.

ಬೇರೆಯವರು ಪೂಜಿಸುವುದನ್ನು, ನಂಬುವುದನ್ನು ಹಗುರವಾಗಿ ಆಡಬೇಡಿ. ಅದು ಅವರ ಅಮ್ಮ ಕೈಹಿಡಿದು ಕಲಿಸಿದ್ದು ಇರಬಹುದು. ಪೌಲ ಅಥೇನೆ ಪಟ್ಟಣಕ್ಕೆ ಹೋದಾಗ ಅಲ್ಲಿನ ವಿಗ್ರಹಗಳನ್ನು ನೋಡಿ ಅವನ ಮನಸ್ಸು ಕುದಿಯಿತು ಅಂತ ಬರೆದಿದೆ. ಆದರೆ ಮಾತಾಡಲು ನಿಂತಾಗ ಅವರನ್ನು ಬೈಯಲಿಲ್ಲ. ನೀವು ತುಂಬಾ ಭಕ್ತಿಯುಳ್ಳ ಜನ ಅಂದ, ಅವರು ತಿಳಿಯದ ದೇವರಿಗೆ ಕಟ್ಟಿದ್ದ ಬಲಿಪೀಠದಿಂದಲೇ ಶುರು ಮಾಡಿದ, ಅವರದೇ ಕವಿಗಳ ಮಾತನ್ನು ಎತ್ತಿ ಹೇಳಿದ. ಅವರ ಕಾವ್ಯ ಅವನಿಗೆ ಗೊತ್ತಿತ್ತು ಅಂದರೆ ಅವನು ಅದನ್ನು ಓದಿದ್ದ, ಕೇಳಿದ್ದ. ನಾವು ಪಕ್ಕದವರ ನಂಬಿಕೆಯ ಬಗ್ಗೆ ಅಷ್ಟಾದರೂ ತಿಳಿದುಕೊಂಡಿದ್ದೇವಾ?

ಬಾಗಿಲು ತೆರೆದಾಗ

ನೀವು ಸಮಯಕ್ಕೆ ಕಾಯುತ್ತಿದ್ದರೆ ಅದು ಬರುತ್ತದೆ. "ಈಚೆಗೆ ನೀನು ಬದಲಾಗಿದ್ದೀಯ" ಅನ್ನುತ್ತಾರೆ, ಅಥವಾ "ಭಾನುವಾರ ಎಲ್ಲಿಗೆ ಹೋಗುತ್ತೀಯ?" ಅಂತಾರೆ, ಅಥವಾ ಅವರೇ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಆಗ, "ನನಗೂ ಒಂದು ವಿಷಯ ಆಯಿತು, ಹೇಳಬಹುದಾ?" ಅಂತ ಅನುಮತಿ ಕೇಳಿ. ಈ ಒಂದು ಸಣ್ಣ ಪ್ರಶ್ನೆ ತುಂಬಾ ಕೆಲಸ ಮಾಡುತ್ತದೆ. ಬೇಡ ಅನ್ನುವ ಅವಕಾಶ ಇದೆ ಅಂತ ಗೊತ್ತಾದರೆ ಜನ ಹಾಯಾಗಿ ಕೇಳುತ್ತಾರೆ. ಬೇಡ ಅಂದರೆ, ಸರಿ ಅಂತ ಬೇರೆ ಮಾತಿಗೆ ಹೋಗಿ, ಮುಖ ಸಣ್ಣ ಮಾಡಿಕೊಳ್ಳಬೇಡಿ.

ಹೂಂ ಅಂದರೆ ಆ ಹಾಳೆಯಲ್ಲಿದ್ದದ್ದನ್ನು ಹೇಳಿ. ಎರಡು ನಿಮಿಷ. ನಿಲ್ಲಿಸಿ. ನಿಲ್ಲಿಸುವುದೇ ಕಷ್ಟ, ಇನ್ನೊಂದು ವಚನ ಹೇಳೋಣ ಅನ್ನಿಸುತ್ತದೆ, ನಾಲಿಗೆ ಹಿಡಿದುಕೊಳ್ಳಿ. ಸಮಾರ್ಯದ ಹೆಂಗಸು ತನ್ನ ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಓಡಿದಳು. ಬಂದು ನೋಡಿ, ನಾನು ಮಾಡಿದ್ದನ್ನೆಲ್ಲ ಹೇಳಿದ ಒಬ್ಬರು ಅಲ್ಲಿದ್ದಾರೆ ಅಂದಳು. ಆಮೇಲೆ, ಅವರೇ ಕ್ರಿಸ್ತನಾಗಿರಬಹುದಾ ಅಂತ ಕೇಳಿದಳು. ನೋಡಿ, ಕೊನೆಗೆ ಇಟ್ಟದ್ದು ಒಂದು ಪ್ರಶ್ನೆ. ಊರಿನವರು ತಾವೇ ಬಂದು ಕೇಳಿ, ಇನ್ನು ನಿನ್ನ ಮಾತಿನಿಂದ ಅಲ್ಲ, ನಾವೇ ಕೇಳಿ ನಂಬಿದ್ದೇವೆ ಅಂದರು. ಶಿಷ್ಯ ಫಿಲಿಪ್ಪನಿಗೂ ಹೀಗೇ ಆಯಿತು. ನಜರೇತಿನಿಂದ ಒಳ್ಳೆಯದು ಬರುತ್ತದಾ ಅಂತ ನತಾನಯೇಲ ಹಂಗಿಸಿದಾಗ ಅವನು ವಾದಕ್ಕೆ ಇಳಿಯಲಿಲ್ಲ. "ಬಂದು ನೋಡು" ಅಂದ.

ಪ್ರಶ್ನೆಗಳು ಬರುತ್ತವೆ. ದೇವರಿದ್ದರೆ ಇಷ್ಟು ನೋವು ಯಾಕೆ, ನಿಮ್ಮ ದೇವರೊಬ್ಬನೇ ನಿಜವಾ, ಸಭೆಯವರೇ ಹೀಗೆ ಮಾಡುತ್ತಾರಲ್ಲ. ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಓದಿ ನೋಡುತ್ತೇನೆ ಅಂದರೆ ನಿಜವಾಗಿ ಓದಿ ಮುಂದಿನ ವಾರ ಹೇಳಿ. ಸಭೆಯವರ ತಪ್ಪಿನ ಮಾತು ಬಂದರೆ ಸಮರ್ಥನೆ ಮಾಡಲು ಹೋಗಬೇಡಿ, ತಪ್ಪನ್ನು ತಪ್ಪು ಅನ್ನಿ. ಪೇತ್ರ ತನ್ನ ಮೊದಲ ಪತ್ರದಲ್ಲಿ ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಲು ಯಾವಾಗಲೂ ಸಿದ್ಧವಾಗಿರಿ ಅನ್ನುತ್ತಾನೆ, ಅದೇ ಉಸಿರಿನಲ್ಲಿ ಮೃದುವಾಗಿ, ಗೌರವದಿಂದ ಹೇಳಿ ಅಂತಲೂ ಸೇರಿಸುತ್ತಾನೆ. ನಮಗೆ ಮೊದಲರ್ಧ ಬಾಯಿಪಾಠ, ಎರಡನೆಯದು ನೆನಪಿರುವುದಿಲ್ಲ.

ದುಃಖದಲ್ಲಿರುವವರ ಹತ್ತಿರ ಇನ್ನೂ ಎಚ್ಚರ. ಸಾವಿನ ಮನೆಯಲ್ಲಿ ಸಾಕ್ಷಿ ಹೇಳಬೇಡಿ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತರು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮೌನವಾಗಿ ಕೂತಿದ್ದರು, ಅಲ್ಲಿಯವರೆಗೆ ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಬಾಯಿ ತೆರೆದು ದೇವರ ಪರವಾಗಿ ವಿವರಣೆ ಕೊಡಲು ಶುರು ಮಾಡಿದ ಮೇಲೆ ಎಲ್ಲ ಕೆಟ್ಟಿತು.

ಇವನ್ನು ಮಾಡಲೇಬೇಡಿ

ಸಹಾಯಕ್ಕೆ ನಂಬಿಕೆಯನ್ನು ಕಟ್ಟಬೇಡಿ. ಹಣ, ಕೆಲಸ, ಆಸ್ಪತ್ರೆಯ ಖರ್ಚು, ಏನೇ ಕೊಡಿ, ಕೊಟ್ಟು ಮರೆತುಬಿಡಿ. ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಶುದ್ಧರಾದರು, ತಿರುಗಿ ಬಂದವನು ಒಬ್ಬ. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳಿದರು, ಆದರೆ ಅವರ ಆರೋಗ್ಯವನ್ನು ವಾಪಸ್ ಕಿತ್ತುಕೊಳ್ಳಲಿಲ್ಲ.

ಕಾಯಿಲೆಯವರಿಗೆ ನಂಬಿದರೆ ಖಂಡಿತ ವಾಸಿಯಾಗುತ್ತದೆ ಅಂತ ಮಾತು ಕೊಡಬೇಡಿ. ನೀವು ಕೊಟ್ಟ ಮಾತನ್ನು ದೇವರ ತಲೆಗೆ ಕಟ್ಟಿದಂತಾಗುತ್ತದೆ. ಅವರ ಜೊತೆ ಪ್ರಾರ್ಥಿಸಿ, ಔಷಧಿ ಬಿಡಬೇಡಿ ಅನ್ನಿ. ಬೇರೆಯವರ ಮಕ್ಕಳಿಗೆ ಅಪ್ಪ ಅಮ್ಮನಿಗೆ ಗೊತ್ತಿಲ್ಲದೆ ಹೇಳಬೇಡಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರು ಬೇಡ ಅನ್ನಲು ಹೆದರುತ್ತಾರೆ, ಅವರಾಗಿಯೇ ಕೇಳದ ಹೊರತು ಅವರ ಹತ್ತಿರ ಈ ವಿಷಯ ಎತ್ತಬೇಡಿ. ದಿನಾ ಬೆಳಿಗ್ಗೆ ಎಲ್ಲರಿಗೂ ವಚನ ಫಾರ್ವರ್ಡ್ ಮಾಡುವುದನ್ನೂ ನಿಲ್ಲಿಸಿ. ಅದರ ಬದಲು ವಾರಕ್ಕೊಮ್ಮೆ ಒಬ್ಬರಿಗೆ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳಿ.

ಬೇಡ ಅಂದರೆ, ಅಥವಾ ಏನೂ ಆಗದಿದ್ದರೆ

ಮಾರ್ಕ 10ರಲ್ಲಿ ಒಬ್ಬ ಶ್ರೀಮಂತ ಓಡಿಬಂದು ಮೊಣಕಾಲೂರಿ ನಿತ್ಯಜೀವದ ದಾರಿ ಕೇಳುತ್ತಾನೆ. ಯೇಸು ಅವನನ್ನು ನೋಡಿ ಪ್ರೀತಿಸಿದರು ಅಂತ ಬರೆದಿದೆ. ಆಮೇಲೆ ನಿಜವನ್ನು ಹೇಳಿದರು. ಅವನು ಮುಖ ಬಾಡಿಸಿಕೊಂಡು ಹೋದ. ಯೇಸು ಅವನ ಹಿಂದೆ ಓಡಲಿಲ್ಲ, ಷರತ್ತು ಸಡಿಲ ಮಾಡಲಿಲ್ಲ, ಶಾಪವನ್ನೂ ಹಾಕಲಿಲ್ಲ. ಹೋಗುವ ಸ್ವಾತಂತ್ರ್ಯ ಇಲ್ಲದೆ ಬಂದರೆ ಅದು ಬಂದಂತಲ್ಲ.

ಮುಂದೆ ಸಭೆಯ ದೊಡ್ಡ ಗುರುವಾದ ಅಗಸ್ಟೀನನ ತಾಯಿ ಮೋನಿಕಾಳ ವಿಷಯ ನನಗೆ ತುಂಬಾ ಧೈರ್ಯ ಕೊಟ್ಟಿದೆ. ಮಗ ದಾರಿ ತಪ್ಪಿದ್ದಾನೆ ಅಂತ ಅವಳು ಒಬ್ಬ ಬಿಷಪ್ಪರ ಹತ್ತಿರ ಹೋಗಿ, ನೀವೇ ಅವನ ಜೊತೆ ವಾದ ಮಾಡಿ ತಿದ್ದಿ ಅಂತ ಬೇಡಿಕೊಂಡಳು. ಅವರು ಒಪ್ಪಲಿಲ್ಲ. ಅವನನ್ನು ಹಾಗೇ ಬಿಡು, ಅವನಿಗಾಗಿ ಪ್ರಾರ್ಥನೆ ಮಾಡು, ಓದುತ್ತಾ ಓದುತ್ತಾ ಅವನಿಗೇ ತಿಳಿಯುತ್ತದೆ ಅಂದರು. ಅವಳು ಅಳುತ್ತಾ ಮತ್ತೆ ಮತ್ತೆ ಕೇಳಿದಾಗ, ಇಷ್ಟು ಕಣ್ಣೀರಿನ ಮಗ ಹಾಳಾಗುವುದು ಸಾಧ್ಯವಿಲ್ಲ ಅಂತ ಕಳಿಸಿದರು. ಅದಾಗಿ ವರ್ಷಗಳ ನಂತರ, 386ರಲ್ಲಿ, ಮಿಲಾನಿನ ಒಂದು ತೋಟದಲ್ಲಿ ಮಗುವಿನ ದನಿಯೊಂದು "ತೆಗೆದುಕೋ, ಓದು" ಅನ್ನುವುದು ಅಗಸ್ಟೀನನಿಗೆ ಕೇಳಿಸಿತು. ಪೌಲನ ಪತ್ರ ತೆರೆದು ಓದಿದ. ಓದಿದ ಮೇಲೆ ಗೆಳೆಯ ಅಲಿಪಿಯಸ್‌ಗೆ ತೋರಿಸಿದ, ಇಬ್ಬರೂ ನೇರವಾಗಿ ಒಳಗೆ ಹೋಗಿ ಅಮ್ಮನಿಗೆ ಹೇಳಿದರು. 387ರ ಈಸ್ಟರಿನಲ್ಲಿ ದೀಕ್ಷಾಸ್ನಾನ ಆಯಿತು.

ಗೆಳೆತನದ ದಾರಿಯೂ ಉದ್ದವೇ. ಆಕ್ಸ್‌ಫರ್ಡಿನಲ್ಲಿ ಲೇಖಕರಾದ ಸಿ. ಎಸ್. ಲೂಯಿಸ್ ಮತ್ತು ಟೋಲ್ಕಿನ್ ಮೊದಲು ಭೇಟಿಯಾದದ್ದು 1926ರಲ್ಲಿ. ಟೋಲ್ಕಿನ್ ಕ್ರಿಸ್ತನನ್ನು ನಂಬಿದವನು, ಲೂಯಿಸ್ ಆಗ ನಂಬಿರಲಿಲ್ಲ. ಕ್ರಿಸ್ತನ ಬಗ್ಗೆ ಅವರಿಬ್ಬರು, ಜೊತೆಗೆ ಗೆಳೆಯ ಹ್ಯೂಗೋ ಡೈಸನ್, ನಡೆಯುತ್ತಾ ಮಾತಾಡುತ್ತಾ ಬೆಳಗಿನ ಜಾವ ಮಾಡಿದ ಆ ರಾತ್ರಿ 1931ರ ಸೆಪ್ಟೆಂಬರಿನದು. ಅದಾಗಿ ಕೆಲವೇ ದಿನದಲ್ಲಿ ಲೂಯಿಸ್ ನಂಬಿದ. ನಡುವಿನ ಐದು ವರ್ಷ ಅವರು ಹಳೆಯ ಭಾಷೆಗಳನ್ನು, ಕತೆಗಳನ್ನು ಒಟ್ಟಿಗೆ ಓದುತ್ತಾ ಗೆಳೆಯರಾಗಿದ್ದರು. ಆ ಗೆಳೆತನ ಇಲ್ಲದೆ ಆ ಒಂದು ರಾತ್ರಿ ಬರುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ನಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದ್ದು ದೇವರು ಅಂತ ಪೌಲ ಕೊರಿಂಥದವರಿಗೆ ಬರೆದ. ನಿಮ್ಮದು ಯಾವ ಪಾಲು ಅಂತ ನಿಮಗೆ ಗೊತ್ತಾಗದೇ ಇರಬಹುದು. ಪರವಾಗಿಲ್ಲ.

ಎಲ್ಲಿಂದ ಓದಲಿ ಅಂತ ಕೇಳಿದರೆ

ಇದಕ್ಕೆ ಮಾತ್ರ ಮೊದಲೇ ತಯಾರಿ ಬೇಕು. ಇಡೀ ಸತ್ಯವೇದವನ್ನು, ಅಂದರೆ ಬೈಬಲನ್ನು, ಕೈಗೆ ಕೊಟ್ಟು ಓದಿ ಅಂದರೆ ಜನ ಮೊದಲ ಪುಟದಿಂದ ಶುರು ಮಾಡಿ ನಿಯಮಗಳೇ ತುಂಬಿರುವ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಕೈಬಿಡುತ್ತಾರೆ. ಮಾರ್ಕನ ಸುವಾರ್ತೆ ಕೊಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ಒಂದೇ ಸಲ ಕೂತು ಓದಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಕತೆ ಇಷ್ಟಪಡುವವರಿಗೆ ಲೂಕ. ಭಾಷೆ ತೊಡಕಾದರೆ ಓದು ಅಲ್ಲೇ ನಿಲ್ಲುತ್ತದೆ, ಅದಕ್ಕೆ ಇವತ್ತಿನ ಸುಲಭ ಕನ್ನಡದ ಭಾಷಾಂತರ ಇರಲಿ. ನಿಮ್ಮ ಗೆರೆ, ಗುರುತು ಇರುವ ಪ್ರತಿ ಬೇಡ, ಎಲ್ಲಿ ನಿಲ್ಲಬೇಕು ಅಂತ ಅವರೇ ಕಂಡುಕೊಳ್ಳಲಿ.

ಜೊತೆಗೆ ಓದೋಣ ಅಂದರೆ ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಅರ್ಧ ಅಧ್ಯಾಯ ಸಾಕು. ಒಬ್ಬರು ಜೋರಾಗಿ ಓದಿ, ಆಮೇಲೆ ಮೂರು ಪ್ರಶ್ನೆ. ಇಲ್ಲಿ ಏನಾಯಿತು? ಯೇಸು ಎಂಥವರು ಅನ್ನಿಸುತ್ತದೆ? ಯಾವುದು ಅರ್ಥವಾಗಲಿಲ್ಲ, ಅಥವಾ ಇಷ್ಟವಾಗಲಿಲ್ಲ? ಮೂರನೆಯದನ್ನು ಮನಸಾರೆ ಕೇಳಿ. ನೀವು ಶಿಕ್ಷಕರಾಗಬೇಡಿ, ನೀವೂ ಉತ್ತರ ಹೇಳಿ, ನಿಮಗೆ ಅರ್ಥವಾಗದ್ದನ್ನೂ ಹೇಳಿ. ಒಂದು ದಿನ ಅವರು ಪ್ರಾರ್ಥನೆ ಮಾಡಬೇಕು ಅಂದರೆ ನಿಮ್ಮ ಮಾತುಗಳನ್ನು ಹೇಳಿಕೊಡಬೇಡಿ, ಗೆಳೆಯನ ಹತ್ತಿರ ಮಾತಾಡಿದ ಹಾಗೆ ಅವರದೇ ಮಾತಿನಲ್ಲಿ ಮಾಡಲಿ, ನೀವು ಪಕ್ಕದಲ್ಲಿರಿ. ಸಭೆಗೆ ಬರುತ್ತೇನೆ ಅಂದರೆ ಏನೇನು ನಡೆಯುತ್ತದೆ, ಎಷ್ಟು ಹೊತ್ತಾಗುತ್ತದೆ ಅಂತ ಮೊದಲೇ ತಿಳಿಸಿ, ಹಿಂದಿನ ಸಾಲಿನಲ್ಲಿ ಜೊತೆಗೆ ಕೂರಿ, ಬಂದವರೆಲ್ಲ ಅವರನ್ನು ಮುತ್ತಿಕೊಳ್ಳದಂತೆ ನೋಡಿಕೊಳ್ಳಿ.

ಅಕ್ಕನಿಗೆ ಆ ಎರಡನೇ ಹಾಳೆಯ ಕತೆ ಹೇಳಿದ್ದು ಸುಮಾರು ಒಂದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ತಮ್ಮ ಮನೆಗೆ ಎರಡು ಮೂರು ಸಲ ಬಂದು ಹೋಗಿದ್ದ, ಅವಳು ನೋಡಿದ್ದಳು. ಒಂದು ಸಂಜೆ ಅವಳೇ, "ನೀನು ಅವನಿಗೆ ಫೋನ್ ಮಾಡಿದ್ದು ಯಾಕೆ?" ಅಂತ ಕೇಳಿದಳು. ಹೇಳಿದೆ. ಒಂದು ನಿಮಿಷ ಆಗಿರಬಹುದು, ನಿಲ್ಲಿಸಿದೆ. ಸ್ವಲ್ಪ ಹೊತ್ತು ಅವಳು ಏನೂ ಮಾತಾಡಲಿಲ್ಲ.

"ಆ ದೊಡ್ಡ ಮಗ ಕೊನೆಗೆ ಒಳಗೆ ಹೋದನಾ?" ಅಂತ ಕೇಳಿದಳು.

"ಬರೆದಿಲ್ಲ ಅಕ್ಕ. ಅಪ್ಪ ಬಾಗಿಲ ಹೊರಗೆ ಅವನ ಜೊತೆ ಮಾತಾಡುತ್ತಿರುವ ಹಾಗೇ ಕತೆ ನಿಂತುಹೋಗುತ್ತದೆ."

"ಎಲ್ಲಿದೆ ಅದು? ತೋರಿಸು" ಅಂದಳು. ಪುಟ ತೆಗೆದು ಕೊಟ್ಟೆ. ಓದಲಿಲ್ಲ, ಆ ಪುಟಕ್ಕೆ ತನ್ನ ಕನ್ನಡಕದ ಬಟ್ಟೆಯನ್ನು ಗುರುತಿಗೆ ಇಟ್ಟು ಮುಚ್ಚಿದಳು. "ಇವತ್ತು ಇದು ಇಲ್ಲೇ ಇರಲಿ" ಅಂದಳು.